ಮಾಸಿಗೆ ಉಸಿರು ಕಟ್ಟಿದಾಗ

(ಮಂಡ್ಯದಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಓದುತ್ತಿರುವ ಹುಡುಗಿಯರು, ಸುತ್ತಲ ಹಳ್ಳಿಗಳಿಂದ ಬಂದಿದ್ದ ಕೆಲವರ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ.)

ಪರಿಚಯ ಮಾಡಿಕೊಟ್ಟ ಹುಡುಗಿ ನನ್ನನ್ನು ದೊಡ್ಡ ಡಾಕ್ಟರು ಅಂದಳು. ಡಾಕ್ಟರು ಹೌದು, ಆದರೆ ಪ್ರಾಕ್ಟೀಸಿನಲ್ಲಿ ನನ್ನ ಕೈಯಿಂದ ಒಂದು ಹೆರಿಗೆಯೂ ಆಗಿಲ್ಲ. ನಾನು ಪೆಥಾಲಜಿಸ್ಟ್, ಮೈಯಿಂದ ಹೊರಬಂದದ್ದನ್ನು ಕೊಯ್ದು ನೋಡಿ ಕಾಯಿಲೆ ಗುರುತಿಸುವವಳು. ಮಗು ಕಿರುಚಿದ ಕೂಡಲೇ ಹೆರಿಗೆ ಕೋಣೆಯಲ್ಲಿ ಎಲ್ಲರ ಕಣ್ಣೂ ಅತ್ತ ಹೋಗುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಬೇಸಿನ್ನಿಗೆ ಇನ್ನೊಂದು ಬಂದು ಬೀಳುತ್ತದಲ್ಲ, ಅದು ಫಾರ್ಮಲಿನ್ ಡಬ್ಬಿಯಲ್ಲಿ ಮುಳುಗಿಕೊಂಡು ನನ್ನ ಮೇಜಿಗೆ ಬರುತ್ತಿತ್ತು. ನಾನು ಕೆಲಸದಲ್ಲಿ ನೋಡಿದ್ದು ಅದನ್ನು.

ಪುಸ್ತಕದಲ್ಲಿ ಅದಕ್ಕೆ ಜರಾಯು ಅಂತಾರೆ. ಊರಲ್ಲಿ ಮಾಸು. ನಮ್ಮವ್ವನ ಬಾಯಲ್ಲಿ ಕಸ. ಹೆರಿಗೆ ಆದ ಮನೆಯ ಬಾಗಿಲಲ್ಲಿ ನಿಂತವರು ಮೊದಲು ಕೇಳುವುದು ಯಾವ ಮಗು ಅಂತ, ಆಮೇಲೆ ಕೇಳುವುದು "ಕಸ ಬಿತ್ತಾ?" ಬಿತ್ತು ಅಂದರೆ ಎಲ್ಲರಿಗೂ ನಿರಾಳ. ಹಿತ್ತಲಲ್ಲಿ ಗುಂಡಿ ತೋಡಿ ಹೂತರೆ ಅದರ ಕಥೆ ಮುಗಿಯಿತು. ನನ್ನ ಹೊಟ್ಟೆಪಾಡು ಶುರುವಾಗುತ್ತಿದ್ದದ್ದು ಅಲ್ಲಿಂದ.

ತಿಂಗಳು ತುಂಬಿದ ಮಾಸು ಸುಮಾರು ಅರ್ಧ ಕೆಜಿ ತೂಗುತ್ತದೆ. ಅಗಲ ಒಂದು ಅಕ್ಕಿ ರೊಟ್ಟಿಯಷ್ಟು, ದಪ್ಪ ಎರಡು ಎರಡೂವರೆ ಸೆಂಟಿಮೀಟರ್. ಒಂದು ಮಗ್ಗುಲು ನುಣ್ಣಗಿರುತ್ತದೆ, ಹೊಕ್ಕುಳ ಬಳ್ಳಿ ಅಲ್ಲಿಂದ ಹೊರಡುತ್ತದೆ. ಇನ್ನೊಂದು ಮಗ್ಗುಲು ಗರ್ಭಕೋಶಕ್ಕೆ ಅಂಟಿದ್ದದ್ದು, ಕೆಂಪಗೆ, ಉಬ್ಬುತಗ್ಗಾಗಿ. ಚಾಕು ಹಾಕಿದರೆ ಸ್ಪಂಜಿನೊಳಗೆ ಹೋದ ಹಾಗೆ ಹೋಗಬೇಕು. ಬಿಪಿ ಏರಿದ ತಾಯಿಯ ಮಾಸಿನಲ್ಲಿ ಎಷ್ಟೋ ಸಲ ಚಾಕು ನಡುದಾರಿಯಲ್ಲಿ ತಡೆಯುತ್ತದೆ. ಅಲ್ಲಿ ಗಟ್ಟಿ. ಹೊಸದಾದರೆ ಕಡುಗೆಂಪು, ಹಳೆಯದಾದರೆ ಮಾಸಲು ಬಿಳುಪು. ರಕ್ತ ಸಿಗದೆ ಸತ್ತ ಜಾಗ ಅದು. ಹೃದಯದಲ್ಲಿ ಇಂಥದ್ದೇ ಆದರೆ ಹಾರ್ಟ್ ಅಟ್ಯಾಕ್ ಅಂತೀರಿ, ಎದೆ ಹಿಡಿದುಕೊಂಡು ಕೂರುತ್ತೀರಿ. ಮಾಸಿನಲ್ಲಿ ಆದರೆ ತಾಯಿಗೆ ತಿಳಿಯುವುದೇ ಇಲ್ಲ, ಯಾಕೆಂದರೆ ಮಾಸಿಗೆ ನರಗಳಿಲ್ಲ. ಅದರ ನೋವು ಅವಳ ತೋಳಿಗೆ ಸುತ್ತಿದ ಬಿಪಿ ಪಟ್ಟಿಯಲ್ಲಿ ಕಾಣಬೇಕು. ನಾನು ಇವತ್ತು ಹೇಳಲು ಬಂದಿರುವುದು ಇಷ್ಟನ್ನೇ. ಹೇಗೆ ಕಾಣುತ್ತದೆ, ಯಾಕೆ ಕಾಣುತ್ತದೆ ಅನ್ನುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ಬೇಕು.

ಮೊದಲು ನಮ್ಮಕ್ಕನ ಬಳೆ ವಿಷಯ ಹೇಳುತ್ತೇನೆ. ನಾನಿನ್ನೂ ಪಿಯುಸಿ ಓದುತ್ತಿದ್ದೆ. ಚೊಚ್ಚಲ ಬಸುರಿಗೆ ಅಕ್ಕ ತವರಿಗೆ ಬಂದಿದ್ದಳು. ಸೀಮಂತದ ದಿನ ಬಳೆಗಾರ ಎರಡು ಕೈಗೂ ಹಸಿರು ಗಾಜಿನ ಬಳೆ ತೊಡಿಸಿದ, ಸಲೀಸಾಗಿ ಏರಿದವು, ಅಲ್ಲಾಡಿಸಿದರೆ ಝಲ್ ಅನ್ನುತ್ತಿದ್ದವು. ಇಪ್ಪತ್ತು ದಿನ ಆಗಿತ್ತೋ ಇಲ್ಲವೋ, ಬಳೆ ಸದ್ದು ನಿಂತಿತು. ನೋಡಿದರೆ ಮಣಿಕಟ್ಟಿಗೆ ಕಚ್ಚಿಕೊಂಡು ಕೂತಿವೆ, ಸುತ್ತ ಚರ್ಮ ಉಬ್ಬಿ ಗೆರೆ ಬಿದ್ದಿದೆ. ಉಂಗುರ ತೆಗೆಯಲು ಸೋಪು ಹಾಕಿ ಎಳೆದೆವು. ಮುಖ ಬೆಳಿಗ್ಗೆ ಎದ್ದಾಗಲೇ ತುಂಬಿಕೊಂಡಿರುತ್ತಿತ್ತು. ಪಕ್ಕದ ಮನೆ ಅಜ್ಜಿ "ಬಸ್ರಿ ಅಂದ್ಮೇಲೆ ಊದ್ಕೊಳ್ದೆ ಇದ್ದಾಳಾ ಬುಡಮ್ಮಿ, ಮೈ ಕೈ ತುಂಬ್ಕೊಂಡವ್ಳೆ" ಅಂದು ದೃಷ್ಟಿ ತೆಗೆದರು. ತೋರಿಸುತ್ತಿದ್ದ ಕಡೆ ತೂಕ ನೋಡಿದ್ದರು, ಹೊಟ್ಟೆ ಮುಟ್ಟಿ ನೋಡಿದ್ದರು. ಬಿಪಿ ನೋಡಿದ ನೆನಪು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಕ್ಕನ ಕಥೆಗೆ ಆಮೇಲೆ ಬರುತ್ತೇನೆ. ಕಾಲು ಊದುವುದು ಬಸುರಿನಲ್ಲಿ ಎಷ್ಟೋ ಜನಕ್ಕೆ ಸಹಜವೇ, ಅಜ್ಜಿ ಪೂರ್ತಿ ತಪ್ಪಲ್ಲ. ಆದರೆ ಮುಖ, ಕೈ ಇದ್ದಕ್ಕಿದ್ದ ಹಾಗೆ ಊದಿದರೆ ದೃಷ್ಟಿ ತೆಗೆಯುವುದಕ್ಕೆ ಮೊದಲು ಬಿಪಿ ತೆಗೆಯಿರಿ.

ಈ ಕಾಯಿಲೆಗೆ ಕನ್ನಡದಲ್ಲಿ ಗರ್ಭನಂಜು ಅನ್ನುವ ಹೆಸರಿದೆ. ಇಂಗ್ಲಿಷಿನವರೂ ಒಂದು ಕಾಲದಲ್ಲಿ ಟಾಕ್ಸೀಮಿಯಾ ಅಂತಲೇ ಕರೆಯುತ್ತಿದ್ದರು, ಅಂದರೆ ರಕ್ತದಲ್ಲಿ ನಂಜು. ವಿಷ ಯಾವುದು ಅಂತ ಯಾರಿಗೂ ಸಿಗದೆ ಆ ಹೆಸರನ್ನು ಕೈಬಿಟ್ಟು ಪ್ರೀ-ಎಕ್ಲಾಂಪ್ಸಿಯಾ ಅಂದರು. ಎಕ್ಲಾಂಪ್ಸಿಯಾ ಅಂದರೆ ಫಿಟ್ಸ್. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಮಿಂಚು ಅನ್ನುವ ಅರ್ಥವಿದೆಯಂತೆ, ಹಾಗೆ ಫಳ್ ಎಂದು ಬಂದು ಹೊಡೆಯುತ್ತದೆ. ತಮಾಷೆ ಏನೆಂದರೆ, ಹೆಸರು ಬಿಟ್ಟ ಎಷ್ಟೋ ವರ್ಷದ ಮೇಲೆ ರಕ್ತದಲ್ಲಿ ನಿಜವಾಗಿಯೂ ಒಂದು ವಸ್ತು ಸಿಕ್ಕಿತು. ನಮ್ಮ ಅಜ್ಜಿಯರ ನಂಜು ಅನ್ನುವ ಮಾತು ಅಷ್ಟೇನೂ ಸುಳ್ಳಾಗಲಿಲ್ಲ.

ಲೆಕ್ಕ ಸರಳ. 20 ವಾರ ದಾಟಿದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್, ಇಲ್ಲವೇ ಲಿವರ್, ಕಿಡ್ನಿ, ಪ್ಲೇಟ್‌ಲೆಟ್, ಮೆದುಳು ಇವುಗಳಲ್ಲಿ ಯಾವುದಾದರೂ ಕೆಟ್ಟಿರುವ ಗುರುತು. 160/110 ಮುಟ್ಟಿದರೆ ತುರ್ತು. ಜಗತ್ತಿನಲ್ಲಿ ನೂರು ಬಸುರಿಯರಲ್ಲಿ ಎರಡರಿಂದ ಎಂಟು ಜನಕ್ಕೆ ಬರುತ್ತದೆ.

ಈಗ ಮಾಸಿನೊಳಕ್ಕೆ ಹೋಗೋಣ. ಇಲ್ಲಿ ನಾಲೆ ನೀರು ಕುಡಿದು ಬೆಳೆದವರೇ ಹೆಚ್ಚು ಇದ್ದೀರಿ, ಅದರಿಂದ ನನಗೆ ಕೆಲಸ ಸುಲಭ. ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ ಹೊರಡುತ್ತದೆ, ಹುಲಿಕೆರೆ ಸುರಂಗ ದಾಟಿ ಬರುತ್ತದೆ, ಕವಲು ನಾಲೆಗಳಾಗಿ ಒಡೆಯುತ್ತದೆ, ಕೊನೆಗೆ ಒಂದು ತೂಬಿನಿಂದ ನಿಮ್ಮ ಗದ್ದೆಗೆ ಇಳಿಯುತ್ತದೆ. ಗರ್ಭಕೋಶದ ರಕ್ತನಾಳವೂ ಹೀಗೇ ಕವಲೊಡೆದು ಕೊನೆಗೆ ಸುರುಳಿ ಸುತ್ತಿದ ಸಣ್ಣ ನಾಳಗಳಾಗುತ್ತದೆ. ಮಾಸಿನ ಕೆಳಗೆ ಅಂಥವು ನೂರರ ಸುಮಾರು ಇರುತ್ತವೆ. ಅವು ತೂಬುಗಳು. ಮಾಸು ಅನ್ನುವುದು ಗದ್ದೆ. ಅದರಲ್ಲಿ ತಾಯಿಯ ರಕ್ತ ನೀರಿನ ಹಾಗೆ ನಿಂತಿರುತ್ತದೆ, ಮಗುವಿನ ಕಡೆಯಿಂದ ಬೇರಿನಂಥ ಎಳೆಗಳು ಆ ರಕ್ತದಲ್ಲಿ ಇಳಿಬಿದ್ದಿರುತ್ತವೆ. ಎರಡು ರಕ್ತ ಬೆರೆಯುವುದಿಲ್ಲ. ಬೇರು ನೀರನ್ನು ಹೀರುವಂತೆ ಆಮ್ಲಜನಕ, ಸಕ್ಕರೆ ಎಲ್ಲ ಈ ಕಡೆಯಿಂದ ಆ ಕಡೆಗೆ ದಾಟುತ್ತವೆ. ಆ ಎಳೆಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಿದರೆ ಹತ್ತಡಿ ಹದಿಮೂರಡಿ ಕೋಣೆಯ ನೆಲ ಮುಚ್ಚುತ್ತದೆ. ಅರ್ಧ ಕೆಜಿ ಕಸದೊಳಗೆ ಅಷ್ಟು ಗದ್ದೆ ಮಡಚಿ ಇಟ್ಟಿದೆ.

ಬಸುರಿಲ್ಲದಾಗ ಈ ತೂಬುಗಳು ತೀರಾ ಸಣ್ಣವು, ಸುತ್ತ ಸ್ನಾಯು ಇರುವುದರಿಂದ ಬಿಗಿದುಕೊಳ್ಳಬಲ್ಲವು. ತಿಂಗಳು ತುಂಬುವ ಹೊತ್ತಿಗೆ ನಿಮಿಷಕ್ಕೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಗರ್ಭಕೋಶಕ್ಕೆ ಹರಿಯಬೇಕು. ಇಷ್ಟು ಸಣ್ಣ ತೂಬಿನಲ್ಲಿ ಹೇಗೆ? ಮಾಸೇ ಆ ಕೆಲಸ ಮಾಡಿಕೊಳ್ಳುತ್ತದೆ. ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಗೆ ಇಳಿದು, ತೂಬಿನ ಒಳಕ್ಕೆ ನುಗ್ಗಿ, ಅಲ್ಲಿದ್ದ ಸ್ನಾಯುವನ್ನು ಕಿತ್ತು ಹಾಕಿ, ತಾವೇ ಅಲ್ಲಿ ಗಾರೆ ಮೆತ್ತಿದ ಹಾಗೆ ಕೂರುತ್ತವೆ. ತೂಬಿನ ಬಾಯಿ ಕೊಳವೆಯಿಂದ ಆಲಿಕೆಯ ಆಕಾರಕ್ಕೆ ತಿರುಗುತ್ತದೆ, ಮತ್ತೆಂದೂ ಬಿಗಿಯಲಾರದ ಹಾಗೆ ಅಗಲವಾಗುತ್ತದೆ. ಈ ಬದಲಾವಣೆಯನ್ನು 1967ರಲ್ಲಿ ಬ್ರೋಸೆನ್ಸ್, ರಾಬರ್ಟ್‌ಸನ್, ಡಿಕ್ಸನ್ ಎಂಬ ಮೂವರು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದರು. ಗರ್ಭನಂಜಿನ ತಾಯಂದಿರಲ್ಲಿ ಈ ಕೆಲಸ ಅರ್ಧಕ್ಕೇ ನಿಂತಿರುತ್ತದೆ ಅನ್ನುವುದೂ ಇಂಥ ಪರೀಕ್ಷೆಗಳಿಂದಲೇ ಗೊತ್ತಾದದ್ದು.

ಇಲ್ಲಿ ಒಂದು ವಿಚಿತ್ರ ಇದೆ, ದಯವಿಟ್ಟು ಗಮನ ಕೊಡಿ. ಮಾಸಿಗೆ ಆಮ್ಲಜನಕ ಕಡಿಮೆ ಅಂದ ಕೂಡಲೇ ಅಯ್ಯೋ ಅನ್ನುತ್ತೇವೆ. ಆದರೆ ಬಸುರಿನ ಮೊದಲ ಎರಡೂವರೆ ಮೂರು ತಿಂಗಳು ಮಾಸಿನಲ್ಲಿ ಆಮ್ಲಜನಕ ಕಡಿಮೆ ಇರುವುದೇ ಸರಿ. ಆಗ ತೂಬುಗಳ ಬಾಯಿಗೆ ಮಾಸಿನ ಜೀವಕೋಶಗಳೇ ಗುಂಪುಗಟ್ಟಿ ಬಿರಡೆ ಹಾಕಿರುತ್ತವೆ, ತಾಯಿಯ ರಕ್ತ ಹೆಚ್ಚಾಗಿ ಒಳಕ್ಕೆ ಬರುವುದಿಲ್ಲ. ಎಳೆ ಪಿಂಡಕ್ಕೆ ಆಹಾರ ಸಿಗುವುದು ಗರ್ಭಕೋಶದ ಗ್ರಂಥಿಗಳ ರಸದಿಂದ. ಎರಿಕ್ ಝೋನಿಯೋ ಮತ್ತು ಗ್ರಹಾಂ ಬರ್ಟನ್ ಅವರ ತಂಡ 2000ದಲ್ಲಿ ಪ್ರಕಟಿಸಿದ ಅಳತೆಯಲ್ಲಿ ಎಂಟನೇ ವಾರದ ಹೊತ್ತಿಗೆ ಮಾಸಿನೊಳಗಿನ ಆಮ್ಲಜನಕದ ಒತ್ತಡ 20 ಮಿಲಿಮೀಟರ್ ಪಾದರಸಕ್ಕೂ ಕಡಿಮೆ ಇತ್ತು. ಹನ್ನೆರಡನೇ ವಾರದ ಹೊತ್ತಿಗೆ 50 ದಾಟಿತ್ತು. ಬಿರಡೆ ಸಡಿಲವಾಗಿ ನೀರು ಬಿಟ್ಟ ಹಾಗೆ. ಅಂಗಾಂಗ ಮೂಡುವ ಕಾಲದಲ್ಲಿ ಅತಿಯಾದ ಆಮ್ಲಜನಕ ಎಳೆ ಜೀವಕೋಶವನ್ನು ಸುಡಬಹುದು, ಅದಕ್ಕೇ ಈ ಮುಚ್ಚುಗೆ ಅನ್ನುತ್ತಾರೆ. ಒಟ್ಲು ಹಾಕಿದ ಪಾತಿಗೆ ಮೊಣಕಾಲುದ್ದ ನೀರು ಯಾರು ನಿಲ್ಲಿಸುತ್ತಾರೆ, ಹೇಳಿ. ಪೈರು ನಾಟಿ ಮಾಡಿದ ಮೇಲೆ ನೀರು ಬೇಕು. ಅದಕ್ಕೆ ಮೊದಲು ತೇವ ಸಾಕು.

ಹಾಗಾಗಿ ಬರೀ "ಆಮ್ಲಜನಕ ಕಡಿಮೆ, ಅದರಿಂದ ಬಿಪಿ" ಅಂತ ಬೋರ್ಡಿನ ಮೇಲೆ ಬರೆದು ಮುಗಿಸುವ ಉಪನ್ಯಾಸಗಳು ನನಗೆ ಹಿಡಿಸುವುದಿಲ್ಲ. ನಾಟಿ ಆದ ಮೇಲೂ ತೂಬು ಅಗಲ ಆಗಿಲ್ಲ, ಅಲ್ಲಿ ಗೋಳು ಶುರು. ಅಗಲ ಆಗದ ತೂಬು ಎರಡು ರೀತಿ ಕಾಡುತ್ತದೆ.

ಒಂದು, ರಭಸ. ಬರ್ಟನ್ ಮತ್ತು ಜೊತೆಗಾರರು 2009ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಬಾಯಿ ಅಗಲವಾದ ನಾಳದಿಂದ ರಕ್ತ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ವೇಗದಲ್ಲಿ ಮೆಲ್ಲಗೆ ಇಳಿಯುತ್ತದೆ, ಅಗಲವಾಗದಿದ್ದರೆ ಸೆಕೆಂಡಿಗೆ ಒಂದೆರಡು ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ತೂಬಿನ ಬಾಯಲ್ಲಿ ನೀರು ಜೋರಾಗಿ ಬಿದ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕೇ? ಕೊರಕಲು ಬೀಳುತ್ತದೆ, ಹತ್ತಿರದ ಪೈರು ಕಿತ್ತು ಹೋಗುತ್ತದೆ, ನೀರು ಒಂದೇ ಕಡೆ ಹಳ್ಳ ಮಾಡಿಕೊಂಡು ಓಡುತ್ತದೆ. ಮೈಕ್ರೋಸ್ಕೋಪಿನ ಕೆಳಗೆ ಅಂಥ ಮಾಸಿನಲ್ಲಿ ಬೇರಿನೆಳೆಗಳು ಸಣ್ಣಗೆ, ಬಡಕಲಾಗಿ, ಕವಲಿಲ್ಲದೆ ನಿಂತಿರುತ್ತವೆ.

ಎರಡು, ತಡೆತಡೆದು ಬರುವುದು. ಸ್ನಾಯು ಉಳಿದ ತೂಬು ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲಿಸುತ್ತದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರಲ್ಲ, ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವುದು, ಹಾಗೆ. ಕೆರೆ ಮೂಲೆಯ ರೈತನನ್ನು ಕೇಳಿ, ನೀರು ಇಲ್ಲದೆ ಬಿರುಕು ಬಿಟ್ಟ ಗದ್ದೆಗೆ ಒಂದೇ ಸಲ ನೀರು ನುಗ್ಗಿದರೆ ಪೈರಿನ ಗತಿ ಏನು ಅಂತ. ಮಾಸಿನಲ್ಲೂ ರಕ್ತ ನಿಂತು ಮತ್ತೆ ಹರಿದಾಗ, ಆ ಮರಳಿ ಬಂದ ಆಮ್ಲಜನಕವೇ ಕಿಡಿಯ ಹಾಗೆ ಜೀವಕೋಶಗಳನ್ನು ಹಾಳು ಮಾಡುತ್ತದೆ. ಬರೀ ಕೊರತೆಗಿಂತ ಈ ಏರಿಳಿತ ಕೆಟ್ಟದ್ದು ಅನ್ನುವವರ ಕಡೆ ನಾನಿದ್ದೇನೆ. ಎಲ್ಲ ಮಾಸಿನಲ್ಲೂ ಆಮ್ಲಜನಕ ಕಡಿಮೆಯೇ ಇರುತ್ತದೆ ಅಂತಲೂ ಇಲ್ಲ. ಕೆಲವದರಲ್ಲಿ ಬೇರಿನೆಳೆಗಳೇ ಸಾಲದೆ, ಬಂದ ಆಮ್ಲಜನಕವನ್ನು ಹೀರಲಾರದೆ, ಅದು ಗದ್ದೆಯಲ್ಲೇ ಉಳಿದುಹೋಗುತ್ತದೆ ಎಂಬ ವಾದವಿದೆ. ಮಗುವಿಗೆ ಮಾತ್ರ ಎರಡೂ ಒಂದೇ.

ಸರಿ, ಮಾಸಿಗೆ ಉಸಿರು ಕಟ್ಟಿತು. ಅದಕ್ಕೆ ತಾಯಿಯ ಬಿಪಿ ಯಾಕೆ ಏರಬೇಕು? ಮಾಸಿಗೂ ಬಿಪಿಗೂ ನಂಟಿದೆ ಎಂದು ಅಮೆರಿಕದ ಅರ್ನೆಸ್ಟ್ ಪೇಜ್ 1939ರಲ್ಲೇ ಬರೆದಿದ್ದರು. ಮಗುವೇ ಇಲ್ಲದೆ ದ್ರಾಕ್ಷಿ ಗೊಂಚಲಿನ ಹಾಗೆ ಬರೀ ಮಾಸು ಬೆಳೆಯುವ ಗರ್ಭ ಒಂದಿರುತ್ತದೆ, ನರ್ಸಿಂಗ್ ಹುಡುಗಿಯರಿಗೆ ಗೊತ್ತು. ಅದರಲ್ಲೂ ಗರ್ಭನಂಜು ಬರುತ್ತದೆ. ಅಂದರೆ ಈ ಕಾಯಿಲೆಗೆ ಮಗು ಬೇಕಿಲ್ಲ, ಮಾಸು ಬೇಕು. ಮಾಸು ತೆಗೆದರೆ ಕಾಯಿಲೆ ಇಳಿಯುತ್ತದೆ. ಆದರೆ ಮಾಸಿನಿಂದ ತಾಯಿಯ ಕಿಡ್ನಿಗೆ, ಕಣ್ಣಿಗೆ, ಮೆದುಳಿಗೆ ಸುದ್ದಿ ಒಯ್ಯುವವರು ಯಾರು ಅನ್ನುವುದು ಬಹಳ ಕಾಲ ಬಗೆಹರಿಯಲಿಲ್ಲ.

ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಆಮ್ಲಜನಕ ಕಡಿಮೆಯಾದದ್ದು ತಿಳಿಯುತ್ತದೆ. ಹೇಗೆ ತಿಳಿಯುತ್ತದೆ ಎಂದು ಕಂಡುಹಿಡಿದ ಮೂವರಿಗೆ, ಸೆಮೆಂಜಾ, ರಾಟ್‌ಕ್ಲಿಫ್, ಕೇಲಿನ್, 2019ರಲ್ಲಿ ನೊಬೆಲ್ ಬಂತು. ಎಚ್‌ಐಎಫ್ ಅನ್ನುವ ಒಂದು ಪ್ರೋಟೀನ್ ಇದೆ. ಆಮ್ಲಜನಕ ಸಾಕಷ್ಟು ಇದ್ದಾಗ ಅದು ಹುಟ್ಟಿದ ಹಾಗೇ ಕರಗಿ ಹೋಗುತ್ತಿರುತ್ತದೆ. ಕಡಿಮೆಯಾದರೆ ಉಳಿದುಕೊಂಡು, ಜೀವಕೋಶದ ನಡುಮನೆಗೆ ಹೋಗಿ, ಬೇರೆ ಬೇರೆ ಕೆಲಸಕ್ಕೆ ಅಪ್ಪಣೆ ಕೊಡುತ್ತದೆ. ಉಸಿರು ಕಟ್ಟಿದ ಮಾಸಿನಲ್ಲಿ ಹೆಚ್ಚುವ ಸರಕುಗಳಲ್ಲಿ ಒಂದರ ಹೆಸರು ಎಸ್‌ಫ್ಲಿಟ್-1. ಕಷ್ಟದ ಹೆಸರು, ಮರೆತರೂ ಪರವಾಗಿಲ್ಲ. ಅದರ ಕೆಲಸ ನೆನಪಿಡಿ.

ತಾಯಿಯ ಮೈಯಲ್ಲಿ ಎಲ್ಲ ರಕ್ತನಾಳಗಳ ಒಳಗೂ ಒಂದು ತೆಳ್ಳನೆಯ ಪದರ ಇರುತ್ತದೆ. ಆ ಪದರ ಆರೋಗ್ಯವಾಗಿರಲು ವಿಇಜಿಎಫ್, ಪಿಎಲ್‌ಜಿಎಫ್ ಎಂಬ ಎರಡು ವಸ್ತುಗಳು ರಕ್ತದಲ್ಲಿ ಓಡಾಡಿಕೊಂಡಿರಬೇಕು. ಎಸ್‌ಫ್ಲಿಟ್-1 ಅವೆರಡನ್ನೂ ದಾರಿಯಲ್ಲೇ ಹಿಡಿದು ಬಗಲಲ್ಲಿಟ್ಟುಕೊಳ್ಳುತ್ತದೆ. ಪದರಕ್ಕೆ ತಲುಪಬೇಕಾದ್ದು ತಲುಪುವುದಿಲ್ಲ. ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಕಿಡ್ನಿಯ ಜರಡಿ ಸೋರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ನೀರು ನಾಳದಿಂದ ಹೊರಗೆ ಜಿನುಗುತ್ತದೆ, ಬಳೆ ಬಿಗಿಯುತ್ತದೆ. ಲಿವರಿನಲ್ಲಿ ಆದರೆ ಬಲಪಕ್ಕೆಯ ಕೆಳಗೆ ನೋವು, ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿಯುತ್ತಾರೆ. ಮೆದುಳಿನಲ್ಲಿ ಆದರೆ ತಲೆನೋವು, ಕಣ್ಣು ಮಂಜು, ಮಿಂಚು ಹೊಡೆದಂತೆ ಬೆಳಕು, ಆಮೇಲೆ ಫಿಟ್ಸ್.

ಇದನ್ನು 2003ರಲ್ಲಿ ತೋರಿಸಿಕೊಟ್ಟದ್ದು ಬಾಸ್ಟನ್ನಿನ ಒಂದು ತಂಡ. ಅದರ ಮುಂದಾಳು ಭಾರತ ಮೂಲದ ಕಿಡ್ನಿ ತಜ್ಞ ಅನಂತ್ ಕರುಮಂಚಿ. ಹೆರಿಗೆ ಡಾಕ್ಟರಲ್ಲ, ಕಿಡ್ನಿ ಡಾಕ್ಟರು. ನನಗೆ ಇದು ಖುಷಿ ಕೊಡುವ ವಿಷಯ, ಹೊರಗಿನಿಂದ ಬಂದವರಿಗೆ ಕೆಲವು ಸಲ ಬಾಗಿಲು ಬೇಗ ಕಾಣುತ್ತದೆ. ಅವರು ಇಲಿಗಳಿಗೆ ಎಸ್‌ಫ್ಲಿಟ್-1 ಏರಿಸಿದರು. ಇಲಿಗಳಿಗೆ ಬಿಪಿ ಬಂತು, ಮೂತ್ರದಲ್ಲಿ ಪ್ರೋಟೀನ್ ಬಂತು, ಕಿಡ್ನಿ ಕತ್ತರಿಸಿ ನೋಡಿದರೆ ಗರ್ಭನಂಜಿನ ತಾಯಿಯ ಕಿಡ್ನಿಯ ಹಾಗೇ ಇತ್ತು. ಬಸುರಿಲ್ಲದ ಇಲಿಗಳಲ್ಲೂ ಬಂತು! 2007ರಲ್ಲಿ ಇನ್ನೊಂದು ತಂಡ ಬಸುರಿ ಬಬೂನ್ ಕೋತಿಗಳ ಗರ್ಭಕೋಶದ ಒಂದು ಬದಿಯ ರಕ್ತನಾಳ ಕಟ್ಟಿ ನೋಡಿತು. ಬಿಪಿಯೂ ಏರಿತು, ಎಸ್‌ಫ್ಲಿಟ್-1 ಕೂಡ ಏರಿತು. ತೂಬು ಕಟ್ಟಿದರೆ ನಂಜು ಹೊರಡುತ್ತದೆ, ನಂಜು ಹೊರಟರೆ ಬಿಪಿ ಏರುತ್ತದೆ. ಸರಪಳಿಯ ಎರಡು ಕೊಂಡಿ ಕೂಡಿದ ಹಾಗಾಯಿತು.

ಮಾಸು ಬೇಕೆಂದೇ ಬಿಪಿ ಏರಿಸುತ್ತದೆಯೇ? ಡೇವಿಡ್ ಹೇಗ್ ಎಂಬ ವಿಜ್ಞಾನಿ 1993ರಲ್ಲಿ ಹೀಗೂ ವಾದಿಸಿದರು: ಕೊನೆ ಭಾಗದ ರೈತ ಗೇಟು ಎತ್ತಿಸಿ ಅಂತ ಗಲಾಟೆ ಮಾಡುವ ಹಾಗೆ, ಹಸಿದ ಮಾಸು ತನ್ನ ಕಡೆಗೆ ರಕ್ತ ನುಗ್ಗಲಿ ಅಂತ ತಾಯಿಯ ಒತ್ತಡ ಏರಿಸುತ್ತದೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಒಂದು ಉಪಯೋಗ ಇದೆ. ಬಿಪಿಯನ್ನು ಡಾಕ್ಟರು ಯಾಕೆ ಒಂದೇ ಸಲ ಕೆಳಕ್ಕೆ ಎಳೆಯುವುದಿಲ್ಲ ಅನ್ನುವುದು ಅರ್ಥವಾಗುತ್ತದೆ. ತೀರಾ ಇಳಿಸಿದರೆ ಆ ಇಕ್ಕಟ್ಟಿನ ತೂಬಿನಲ್ಲಿ ಬರುತ್ತಿದ್ದದ್ದೂ ನಿಲ್ಲುತ್ತದೆ.

ಇನ್ನೊಂದು ಮಾತು ಅತ್ತೆಯಂದಿರಿಗೆ. ಮಾಸು ಮಗುವಿನದು. ಅದರ ವಂಶವಾಹಿಯಲ್ಲಿ ಅರ್ಧ ನಿಮ್ಮ ಮಗನದು. ಗರ್ಭನಂಜು ಬಂದ ಸೊಸೆಯನ್ನು "ನಿಮ್ಮ ಮನೆ ಕಾಯಿಲೆ" ಅನ್ನುವ ಮೊದಲು ಅದನ್ನು ನೆನೆಯಿರಿ.

34 ವಾರಕ್ಕೆ ಮೊದಲೇ ಬರುವ ಗರ್ಭನಂಜಿಗೆ ಈ ತೂಬಿನ ಕಥೆ ಚೆನ್ನಾಗಿ ಹೊಂದುತ್ತದೆ. ಕೊನೆಯ ವಾರಗಳಲ್ಲಿ ಬರುವುದಕ್ಕೆ ಅಷ್ಟು ಹೊಂದುವುದಿಲ್ಲ. ಅಂಥವರ ಮಾಸು ನನ್ನ ಮೇಜಿಗೆ ಬಂದಾಗ ಎಷ್ಟೋ ಸಲ ನೋಡಲು ಚೆನ್ನಾಗಿಯೇ ಇರುತ್ತಿತ್ತು, ವರದಿಯಲ್ಲಿ ಏನು ಬರೆಯುವುದು ಎಂದು ಪೆನ್ನು ಹಿಡಿದು ಕೂತಿರುತ್ತಿದ್ದೆ. ಅವಳಿ ಮಕ್ಕಳು, ಸಕ್ಕರೆ ಕಾಯಿಲೆ, ತೂಕ, ಮೊದಲಿನಿಂದ ಇದ್ದ ಬಿಪಿ, ಇವುಗಳ ಪಾಲು ಅಲ್ಲಿ ದೊಡ್ಡದು.

ಅಕ್ಕನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಅವಳಿಗೆ ಹೆರಿಗೆ ಆಯಿತು, ಮಗು ಸಣ್ಣದಿತ್ತು, ಕಸ ಬಿತ್ತು. ಎಲ್ಲರಿಗೂ ನಿರಾಳ. ಬಾಣಂತಿ ಕೋಣೆಯಲ್ಲಿ ಏಳನೇ ದಿನ ಬೆಳಿಗ್ಗೆ "ತಲೆ ಸಿಡೀತೈತೆ ಕನವ್ವ, ಕಣ್ಣು ಮಂಜಾಯ್ತದೆ" ಅಂದಳು. ಅವ್ವ ಶೀತ ಅಂದುಕೊಂಡು ತಲೆಗೆ ಬಟ್ಟೆ ಬಿಗಿದು ಸಾಂಬ್ರಾಣಿ ಹೊಗೆ ಹಾಕಿದಳು. ಮಧ್ಯಾಹ್ನ ಫಿಟ್ಸ್ ಬಂತು. ಗಾಳಿ ಸೋಕಿದೆ ಅಂತ ಒಬ್ಬರು ಬೇವಿನ ಸೊಪ್ಪು ತಂದರು. ಅಪ್ಪ ಮಾತ್ರ ಕೇಳದೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ತಂದು, ಟ್ರೇಲರಿನಲ್ಲಿ ಹುಲ್ಲು ಹಾಸಿ ಆಸ್ಪತ್ರೆಗೆ ಹೊತ್ತು ಹೋದರು. ಬದುಕಿದಳು. ನಲವತ್ತಕ್ಕೆ ಬಿಪಿ ಮಾತ್ರೆ ಶುರುವಾಯಿತು, ಇನ್ನೂ ನುಂಗುತ್ತಿದ್ದಾಳೆ. ಗರ್ಭನಂಜು ಬಂದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು, ಬಿಪಿ ಬರುವ ಸಾಧ್ಯತೆ ಅದಕ್ಕಿಂತಲೂ ಹೆಚ್ಚು ಅಂತ ಆಗ ನಮಗೆ ಹೇಳುವವರಿರಲಿಲ್ಲ.

ಮಾಸು ಹೋದ ಮೇಲೂ ಯಾಕೆ ಫಿಟ್ಸ್ ಬಂತು? ನಂಜು ರಕ್ತದಿಂದ ಕೆಲವೇ ದಿನದಲ್ಲಿ ಇಳಿಯುತ್ತದೆ, ಆದರೆ ಕೆಟ್ಟ ಪದರ ರಿಪೇರಿ ಆಗಲು ಸಮಯ ಬೇಕು. ಅದರ ಮೇಲೆ, ಮೈಯಲ್ಲಿ ಜಿನುಗಿದ್ದ ನೀರು ವಾಪಸ್ ನಾಳಕ್ಕೆ ಬರುವುದರಿಂದ ಹೆರಿಗೆಯಾಗಿ ಮೂರರಿಂದ ಆರು ದಿನದಲ್ಲಿ ಬಿಪಿ ಮತ್ತೆ ಏರುತ್ತದೆ. ನಮ್ಮಲ್ಲಿ ಆ ಹೊತ್ತಿಗೆ ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬಂದಿರುತ್ತಾಳೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡಿರುತ್ತಾಳೆ. ಬಾಣಂತಿಯ ತಲೆನೋವನ್ನು ಶೀತ ಅನ್ನಬೇಡಿ. ಆರು ವಾರದ ತನಕ ಅನ್ನಬೇಡಿ.

ಚಿಕಿತ್ಸೆ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಅದು ನನ್ನ ಇಲಾಖೆಯಲ್ಲ. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್, ಭೇದಿ ಮಾಡಿಸಲು ಕೊಡುತ್ತಿದ್ದ ಅದೇ ಎಪ್ಸಮ್ ಉಪ್ಪು, ಇಂಜೆಕ್ಷನ್ ರೂಪದಲ್ಲಿ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ಮ್ಯಾಗ್‌ಪೈ ಪ್ರಯೋಗದಲ್ಲಿ ಅದು ಫಿಟ್ಸನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು ಎಂದು 2002ರಲ್ಲಿ ಗೊತ್ತಾಯಿತು. ಅಪಾಯ ಹೆಚ್ಚಿರುವವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್, 16 ವಾರಕ್ಕೆ ಮೊದಲು ಶುರು ಮಾಡಿದರೆ ಫಲ ಹೆಚ್ಚು. 2017ರ ಒಂದು ದೊಡ್ಡ ಪ್ರಯೋಗದಲ್ಲಿ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ 37 ವಾರಕ್ಕೆ ಮೊದಲು ಹೆರಿಗೆ ಮಾಡಿಸಬೇಕಾಗಿ ಬರುವಂಥ ಗರ್ಭನಂಜು 62 ಶೇಕಡ ಕಡಿಮೆಯಾಯಿತು. ತೂಬು ತೆರೆಯುವ ಕಾಲದಲ್ಲೇ ಔಷಧಿ ಬೇಕು, ನಾಲೆ ಒಣಗಿದ ಮೇಲಲ್ಲ. ಯಾರಿಗೆ ಬೇಕು, ಎಷ್ಟು ಬೇಕು ಅನ್ನುವುದನ್ನು ನಿಮ್ಮ ಡಾಕ್ಟರು ಹೇಳಬೇಕು, ಮೆಡಿಕಲ್ ಶಾಪಿನವರಲ್ಲ.

ಈಗ ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಆಮ್ಲಜನಕ ಕಮ್ಮಿ ಅಂದ್ರೆ ಸಿಲಿಂಡರ್ ಹಾಕುದ್ರೆ ಆಗಲ್ವಾ ಮೇಡಂ?" ಚೆನ್ನಾಗಿ ಕೇಳಿದಿರಿ ಅಣ್ಣ. ಕಟ್ಟೆಯಲ್ಲಿ ನೀರು ತುಂಬಿದೆ. ತಾಯಿಯ ರಕ್ತದಲ್ಲಿ ಆಮ್ಲಜನಕ ಸಾಮಾನ್ಯವಾಗಿ ನೂರಕ್ಕೆ ತೊಂಬತ್ತೇಳು ತೊಂಬತ್ತೆಂಟರಷ್ಟು ತುಂಬಿಯೇ ಇರುತ್ತದೆ. ನೀವು ಕಟ್ಟೆಗೆ ಇನ್ನೊಂದು ಕೊಡ ಸುರಿದರೆ ನನ್ನ ಕೊನೆ ಗದ್ದೆಗೆ ಏನು ಬಂತು? ತೂಬು ಕಿರಿದು, ತೊಂದರೆ ಅಲ್ಲಿ. ಗಾಳಿಯಲ್ಲೇ ಆಮ್ಲಜನಕ ಕಡಿಮೆ ಇರುವ ಎತ್ತರದ ಊರುಗಳಲ್ಲಿ ಗರ್ಭನಂಜು ಹೆಚ್ಚು, ಮಕ್ಕಳ ತೂಕ ಕಡಿಮೆ ಅನ್ನುವುದು ನಿಜ, ಸಾವಿರ ಮೀಟರ್ ಎತ್ತರಕ್ಕೆ ಸುಮಾರು ನೂರು ಗ್ರಾಂ ಲೆಕ್ಕ. ಮಂಡ್ಯಕ್ಕೆ ಆ ಚಿಂತೆ ಇಲ್ಲ.

ಇನ್ನೊಬ್ಬರು ಹಸುವಿನ ಬಗ್ಗೆ ಕೇಳಿದರು, ಅದಕ್ಕೂ ಬಿಪಿ ಬರುತ್ತದಾ ಅಂತ. ಸಭೆ ನಕ್ಕಿತು, ಆದರೆ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಹಸುವಿನ ಮಾಸು ಗರ್ಭಕೋಶಕ್ಕೆ ಗುಂಡಿ ಹಾಕಿದ ಹಾಗೆ ಅಲ್ಲಲ್ಲಿ ಅಂಟಿರುತ್ತದೆ, ಒಳಕ್ಕೆ ಕೊರೆಯುವುದಿಲ್ಲ. ಮನುಷ್ಯರ ಮಾಸು ಆಳಕ್ಕೆ ಇಳಿದು ತೂಬನ್ನೇ ಒಡೆದು ಕಟ್ಟುತ್ತದೆ. ಅಷ್ಟು ಆಳದ ಕೆಲಸ ಹಿಡಿದವರಿಗೆ ಅದು ಕೆಡುವ ಅಪಾಯವೂ ಇದೆ. ಗರ್ಭನಂಜು ಹೆಚ್ಚುಕಡಿಮೆ ಮನುಷ್ಯರ ಕಾಯಿಲೆಯೇ.

ಉಪ್ಪು ಬಿಡಬೇಕಾ ಅಂತ ಮೂರು ಜನ ಕೇಳಿದರು. ಸಪ್ಪೆ ತಿಂದರೆ ಇದು ತಡೆಯುವುದಿಲ್ಲ. ರಾಗಿ ಮುದ್ದೆ ತಿಂದರೆ? ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನ ಹತ್ತಿರ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರ ಸುಳಿಯುವುದಿಲ್ಲ. ಕ್ಯಾಲ್ಸಿಯಂ ಕಡಿಮೆ ತಿನ್ನುವ ತಾಯಂದಿರಿಗೆ ಮಾತ್ರೆ ಕೊಟ್ಟರೆ ಗರ್ಭನಂಜು ಕಡಿಮೆಯಾಗುತ್ತದೆ. 2024ರಲ್ಲಿ ಪ್ರಕಟವಾದ ಬೆಂಗಳೂರಿನ ಪ್ರಯೋಗದಲ್ಲಿ 11,000 ಬಸುರಿಯರನ್ನು ಎರಡು ಗುಂಪು ಮಾಡಿ ದಿನಕ್ಕೆ 500 ಮತ್ತು 1500 ಮಿಲಿಗ್ರಾಂ ಕೊಟ್ಟು ನೋಡಿದರು. ಗರ್ಭನಂಜಿನ ಮಟ್ಟಿಗೆ 500 ಏನೂ ಹಿಂದೆ ಬೀಳಲಿಲ್ಲ. ಮುದ್ದೆ ತಿನ್ನಿ, ಮಾತ್ರೆಯನ್ನೂ ನುಂಗಿ, ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಮಾತ್ರೆಯ ಜೊತೆಗೆ ಮಾತ್ರ ನುಂಗಬೇಡಿ, ಒಂದು ಬೆಳಿಗ್ಗೆ, ಒಂದು ರಾತ್ರಿ.

ಕೊನೆಗೆ ಎದ್ದದ್ದು ಒಬ್ಬ ಆಶಾ ಕಾರ್ಯಕರ್ತೆ. ನಾನು ಒಂದು ಮಾತು ಹೇಳಿದ್ದೆ: ನನ್ನ ಮೇಜಿಗೆ ಬಂದ ಒಂದು ಮಾಸಿನಲ್ಲಿ ಅರ್ಧಕ್ಕರ್ಧ ಸತ್ತ ಜಾಗ, ಜೊತೆಗೆ ಬಂದ ತಾಯಿ ಕಾರ್ಡಿನ ನಕಲಿನಲ್ಲಿ ಐದು ಭೇಟಿಗೂ 120/80, ಒಂದೇ ಕೈಬರಹ, ಒಂದೇ ಪೆನ್ನು. ಮನುಷ್ಯರ ಬಿಪಿ ಐದು ಸಲ ಅಳೆದರೆ ಐದು ಸಲವೂ 120/80 ಬರುವುದಿಲ್ಲ. 118/76 ಬರುತ್ತದೆ, 124/82 ಬರುತ್ತದೆ. ಅದಕ್ಕೆ ಆಕೆಗೆ ಸಿಟ್ಟು ಬಂದಿತ್ತು.

"ನಾವೇನ್ ಮಾಡದು ಮೇಡಂ? ಬಿಪಿ ಮಿಷನ್‌ಗೆ ಸೆಲ್ ಇರಲ್ಲ. ಕೇಳುದ್ರೆ ಮುಂದಿನ್ ತಿಂಗ್ಳು ಅಂತಾರೆ. ಕಾಲಂ ಖಾಲಿ ಬುಟ್ರೆ ನಮ್ಮನ್ನೇ ಬಯ್ತಾರೆ."

ಸೆಲ್ ಇಲ್ಲ ಅಂತಲೇ ಬರೀರಿ ಕಣಮ್ಮ, ಅಂದೆ. ಆ ಕಾಲಮ್ಮಿನಲ್ಲಿ, ದಪ್ಪ ಅಕ್ಷರದಲ್ಲಿ, ತಾರೀಖು ಹಾಕಿ. ಅದನ್ನು ನೋಡಿದ ಮುಂದಿನವರು ಅವಳನ್ನು ಕೂರಿಸಿ ಐದು ನಿಮಿಷ ಬಿಟ್ಟು ಬಿಪಿ ನೋಡುತ್ತಾರೆ. 120/80 ನೋಡಿದವರು ಮುಂದಿನ ಪುಟ ತಿರುಗಿಸುತ್ತಾರೆ.